ಎಪ್ಪತ್ತೇಳು ಅಂಕದ ದೇಶ



ನನಗೆ ಒಪ್ಪಿಸಿದ ವಿಷಯದ ಹೆಸರು ಆಹ್ವಾನಪತ್ರಿಕೆಯಲ್ಲಿ ಎರಡು ಸಾಲು ಹಿಡಿದಿದೆ: ಅಂತರರಾಷ್ಟ್ರೀಯ ಮಾನವ ಸಂಪನ್ಮೂಲ ಅಭಿವೃದ್ಧಿಯ ಸಂಶೋಧನೆಯಲ್ಲಿ ಸಂಸ್ಕೃತಿಯ ಅಧ್ಯಯನ. ಬಿಡಿಸಿ ಹೇಳುವುದಾದರೆ, ಒಂದು ದೇಶದ ಕಂಪನಿ ಇನ್ನೊಂದು ದೇಶದಲ್ಲಿ ಜನರನ್ನು ನೇಮಿಸಿಕೊಂಡು, ಕೆಲಸ ಕಲಿಸಿ, ತನ್ನ ರೀತಿಗೆ ಒಗ್ಗಿಸಿಕೊಳ್ಳಲು ಹೊರಟಾಗ ಏನೇನಾಗುತ್ತದೆ ಎಂದು ನೋಡುವ ವಿದ್ಯೆ ಇದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಕಾಯಿಸುವುದಿಲ್ಲ. ಈ ವಿದ್ಯೆಯಲ್ಲಿ ಸಂಸ್ಕೃತಿಯನ್ನು ಕಾರಣವೆಂದು ಹೇಳುವುದಕ್ಕೆ ನಮಗೆ ವಿಪರೀತ ಆತುರ. ಸಂಬಳ, ಶಿಫ್ಟು, ಗುತ್ತಿಗೆ, ಮೇಸ್ತ್ರಿ, ಮಾರುಕಟ್ಟೆ ಇವನ್ನೆಲ್ಲ ನೋಡಿ ಮುಗಿಸಿದ ಮೇಲೂ ಅರ್ಥವಾಗದ್ದು ಏನಾದರೂ ಉಳಿದರೆ ಸಂಸ್ಕೃತಿಯ ಮಾತೆತ್ತಬಹುದು. ನಾವು ಅಲ್ಲಿಂದಲೇ ಶುರುಮಾಡುತ್ತೇವೆ.

ಈ ವಿದ್ಯೆಗೆ ವಯಸ್ಸು ಹೆಚ್ಚಿಲ್ಲ. ಅಮೆರಿಕದ ಲಿಯೊನಾರ್ಡ್ ನ್ಯಾಡ್ಲರ್ 1969ರ ಸುಮಾರಿಗೆ ‘ಮಾನವ ಸಂಪನ್ಮೂಲ ಅಭಿವೃದ್ಧಿ’ ಎಂಬ ಮಾತನ್ನು ಚಲಾವಣೆಗೆ ತಂದರು. ಭಾರತಕ್ಕೆ ಅದು ಬರಲು ತಡವಾಗಲಿಲ್ಲ. ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ 1974-75ರಲ್ಲೇ ಲಾರ್ಸನ್ ಅಂಡ್ ಟೂಬ್ರೊ ಕಂಪನಿಗೆ ಇಂಥದೊಂದು ವ್ಯವಸ್ಥೆಯನ್ನು ರೂಪಿಸಿಕೊಟ್ಟರು. 1985ರಲ್ಲಿ ಕೇಂದ್ರ ಸರ್ಕಾರ ಶಿಕ್ಷಣ ಖಾತೆಗೇ ಈ ಹೆಸರಿಟ್ಟಿತು. 2020ರಲ್ಲಿ ಮತ್ತೆ ಶಿಕ್ಷಣ ಎಂದೇ ಬರೆದುಕೊಂಡಿತು. ಒಂದು ದೇಶದೊಳಗೇ ಮಾನವ ಸಂಪನ್ಮೂಲ ಅಭಿವೃದ್ಧಿ ಏನೆಂದು ನಾವು ಖಚಿತವಾಗಿ ಹೇಳಲಾರೆವಾದರೆ ಹಲವು ದೇಶಗಳ ಮಟ್ಟದಲ್ಲಿ ಹೇಗೆ ಹೇಳುತ್ತೀರಿ ಎಂದು ಗ್ಯಾರಿ ಮೆಕ್‌ಲೀನ್ ಮತ್ತು ಲೇರ್ಡ್ ಮೆಕ್‌ಲೀನ್ 2001ರಲ್ಲಿ ಒಂದು ಲೇಖನದ ಶೀರ್ಷಿಕೆಯಲ್ಲೇ ಕೇಳಿದರು. ಪ್ರಶ್ನೆ ಹಾಗೇ ಇದೆ. ಇವತ್ತು ನಾನು ಅದನ್ನು ಮುಟ್ಟುವುದಿಲ್ಲ. ನನ್ನ ಗಮನ ಒಂದು ಅಂಕಪಟ್ಟಿಯ ಮೇಲಿದೆ.

ಆ ಪಟ್ಟಿ ನಿಮಗೆಲ್ಲ ಪರಿಚಿತ. ನಿಮ್ಮಲ್ಲಿ ಅರ್ಧ ಜನರ ಪಿಎಚ್.ಡಿ. ಪ್ರಬಂಧದ ಎರಡನೇ ಅಧ್ಯಾಯದಲ್ಲಿ ಅದು ಇದ್ದೇ ಇರುತ್ತದೆ. ನೆದರ್ಲೆಂಡ್ಸಿನ ಗೀರ್ಟ್ ಹಾಫ್‌ಸ್ಟೀಡ್ ಐಬಿಎಂ ಕಂಪನಿಯ ನೌಕರರಿಂದ 1967ರಿಂದ 1973ರವರೆಗೆ ತುಂಬಿಸಿಕೊಂಡ ಸುಮಾರು 1,16,000 ಪ್ರಶ್ನಾವಳಿಗಳನ್ನು ಹಿಡಿದು, 1980ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ 40 ದೇಶಗಳಿಗೆ ಅಂಕ ಕೊಟ್ಟರು. ಶಾಲೆಯ ಮಾರ್ಕ್ಸ್ ಕಾರ್ಡಿನಂತೆ ನಾಲ್ಕು ವಿಷಯ: ಅಧಿಕಾರದ ಅಂತರ, ವ್ಯಕ್ತಿಪರತೆ, ಅನಿಶ್ಚಿತತೆಯಿಂದ ದೂರವಿರುವ ಪ್ರವೃತ್ತಿ, ಪುರುಷಪ್ರಧಾನ ಮೌಲ್ಯಗಳು. ಐದನೆಯದು, ಆರನೆಯದು ಆಮೇಲೆ ಸೇರಿದವು. ಅಧಿಕಾರದ ಅಂತರದಲ್ಲಿ ಭಾರತಕ್ಕೆ 77, ಅಮೆರಿಕಕ್ಕೆ 40. ವ್ಯಕ್ತಿಪರತೆಯಲ್ಲಿ ಭಾರತಕ್ಕೆ 48, ಅಮೆರಿಕಕ್ಕೆ 91. ಐವತ್ತು ವರ್ಷದ ಹಿಂದೆ ಬರೆದ ಪರೀಕ್ಷೆ, ಫಲಿತಾಂಶವನ್ನು ಇವತ್ತಿಗೂ ಓದುತ್ತಿದ್ದೇವೆ.

ಪರೀಕ್ಷೆ ಬರೆದವರು ಯಾರು? ಭಾರತದ ಮಟ್ಟಿಗೆ, ಐಬಿಎಂನ ಇಲ್ಲಿನ ನೌಕರರು. ಅಂದರೆ ದೊಡ್ಡ ನಗರಗಳಲ್ಲಿದ್ದ, ಇಂಗ್ಲಿಷ್ ಕಲಿತ, ಆ ಕಾಲಕ್ಕೆ ಒಳ್ಳೆಯ ಸಂಬಳದ ಜನ. ಎಲ್ಲ ದೇಶಗಳಲ್ಲೂ ಒಂದೇ ಕಂಪನಿ, ಒಂದೇ ಬಗೆಯ ಕೆಲಸವಾದ್ದರಿಂದ ಉಳಿದ ವ್ಯತ್ಯಾಸವೆಲ್ಲ ದೇಶದ್ದೇ ಎಂಬುದು ಹಾಫ್‌ಸ್ಟೀಡ್ ವಾದ. ವಾದ ಜಾಣತನದ್ದು, ತಳ್ಳಿಹಾಕುವಂಥದ್ದಲ್ಲ. ಆದರೆ 2002ರಲ್ಲಿ ಬ್ರೆಂಡನ್ ಮೆಕ್‌ಸ್ವೀನಿ ಲೆಕ್ಕ ತೆಗೆದು ತೋರಿಸಿದರು: ಸಮೀಕ್ಷೆಯ ಎರಡೂ ಸುತ್ತಿನಲ್ಲಿ ಸಾವಿರಕ್ಕಿಂತ ಹೆಚ್ಚು ಜನ ಉತ್ತರಿಸಿದ್ದು ಆರೇ ದೇಶಗಳಲ್ಲಿ; ಹದಿನೈದು ದೇಶಗಳಲ್ಲಿ ಇನ್ನೂರೂ ದಾಟಿರಲಿಲ್ಲ; ಪಾಕಿಸ್ತಾನದಲ್ಲಿ ಮೊದಲ ಸುತ್ತಿಗೆ 37 ಜನ, ಎರಡನೇ ಸುತ್ತಿಗೆ 70. ಮೂವತ್ತೇಳು ಜನ ಗುಮಾಸ್ತರು, ಎಂಜಿನಿಯರುಗಳು ಸೇರಿ ಸಿಂಧ್‌ನಿಂದ ಪೆಶಾವರದವರೆಗಿನ ಜನರ ಮನಸ್ಸನ್ನು ನಮಗೆ ತಿಳಿಸಿದರು ಎಂದಾಯಿತು.

ಇನ್ನೊಂದು ಸಂಗತಿ ನಮ್ಮ ಪಠ್ಯಗಳಲ್ಲಿ ಬರುವುದಿಲ್ಲ. ಹಾಫ್‌ಸ್ಟೀಡ್ ಪುಸ್ತಕ ಅಚ್ಚಾಗುವ ಹೊತ್ತಿಗೆ ಐಬಿಎಂ ಭಾರತದಲ್ಲಿ ಇರಲೇ ಇಲ್ಲ. ವಿದೇಶಿ ಪಾಲನ್ನು ಶೇ. 40ಕ್ಕೆ ಇಳಿಸಬೇಕೆಂಬ ಕಾನೂನಿಗೆ ಒಪ್ಪದೆ 1978ರಲ್ಲಿ ಹೊರಟುಹೋಗಿತ್ತು. ಆಗ ಕೈಗಾರಿಕಾ ಮಂತ್ರಿ, ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. 1992ರಲ್ಲಿ ಅದೇ ಕಂಪನಿ ಟಾಟಾ ಜೊತೆಗೂಡಿ ಮರಳಿ ಬಂದದ್ದು ಬೆಂಗಳೂರಿಗೆ. ಪಟ್ಟಿಯಲ್ಲಿದ್ದ ‘ಭಾರತ’ವನ್ನು ತುಂಬಿಕೊಟ್ಟ ನೌಕರರು ಅಷ್ಟರಲ್ಲಿ ಬೇರೆ ಬೇರೆ ಕಡೆ ಚದುರಿಹೋಗಿದ್ದರು. ಅವರ ಉತ್ತರ ಮಾತ್ರ ನೆಲೆನಿಂತಿತು.

ಈಗ ಎಪ್ಪತ್ತೇಳಕ್ಕೆ ಬರೋಣ. ತರಬೇತಿ ಕೋಣೆಗಳಲ್ಲಿ ಇದನ್ನು ಹೇಗೆ ಓದುತ್ತಾರೆಂದರೆ, ಭಾರತೀಯರಿಗೆ ಮೇಲಧಿಕಾರಿ ಬೇಕು, ಹೇಳಿದರೆ ಮಾಡುತ್ತಾರೆ, ಸ್ವತಂತ್ರವಾಗಿ ಬಿಟ್ಟರೆ ಕಂಗಾಲಾಗುತ್ತಾರೆ ಎಂದು. ಆದರೆ ಆ ಅಂಕ ಬಂದದ್ದು ಮೂರು ಪ್ರಶ್ನೆಗಳಿಂದ. ಮೇಲಧಿಕಾರಿಯ ಮಾತನ್ನು ಒಪ್ಪದಿದ್ದಾಗ ಅದನ್ನು ಹೇಳಲು ನೌಕರರು ಎಷ್ಟು ಸಲ ಹೆದರುತ್ತಾರೆ ಎಂಬುದು ಒಂದು. ನಿಮ್ಮ ಮೇಲಧಿಕಾರಿ ಎಂಥವರು ಎಂಬುದು ಇನ್ನೊಂದು. ನಿಮಗೆ ಎಂಥವರು ಬೇಕು ಎಂದು ಕೇಳಿದ್ದು ಮೂರನೆಯದರಲ್ಲಿ ಮಾತ್ರ. ಹೆದರಿಕೆಯನ್ನು ಅಳೆದು ತಂದು ಭಕ್ತಿ ಎಂದು ಓದಿದರೆ ಹೇಗೆ? 2004ರಲ್ಲಿ ಪ್ರಕಟವಾದ ಗ್ಲೋಬ್ ಅಧ್ಯಯನ ಇಲ್ಲಿ ಉಪಕಾರ ಮಾಡಿದೆ. ರಾಬರ್ಟ್ ಹೌಸ್ ಮತ್ತು ಸಂಗಡಿಗರು 62 ಸಮಾಜಗಳ ಸುಮಾರು 17,000 ಮಧ್ಯಮ ಹಂತದ ಅಧಿಕಾರಿಗಳನ್ನು ಎರಡೆರಡು ಬಗೆಯಲ್ಲಿ ಕೇಳಿದರು: ಈಗ ಹೇಗಿದೆ, ಹೇಗಿರಬೇಕು. ಅಹಮದಾಬಾದಿನ ಐಐಎಂನ ಜಗದೀಪ್ ಛೋಕರ್ ಅದರಲ್ಲಿ ಭಾರತದ ಪಾಲಿನ ಕೆಲಸ ಮಾಡಿದ್ದರು. ಚುನಾವಣಾ ಸುಧಾರಣೆಯ ಹೋರಾಟದಿಂದ ನಿಮಗೆ ಅವರ ಹೆಸರು ಗೊತ್ತಿರುತ್ತದೆ. ಮೇಲು ಕೀಳಿನ ಅಂತರ ಎಷ್ಟಿದೆ ಎಂದರೆ ಬಹಳ ಎಂದೂ, ಎಷ್ಟಿರಬೇಕು ಎಂದರೆ ಕಡಿಮೆ ಎಂದೂ ಹೆಚ್ಚುಕಡಿಮೆ ಎಲ್ಲ ಕಡೆಯ ಜನ ಉತ್ತರಿಸಿದ್ದರು. ಯಾವ ದೇಶದವರಿಗೂ ಬೈಸಿಕೊಳ್ಳುವುದರಲ್ಲಿ ವಿಶೇಷ ಆಸಕ್ತಿ ಕಾಣಲಿಲ್ಲ.

ಪಟ್ಟಿಯ ನಿಜವಾದ ತೊಂದರೆ ಬೇರೆ ಇದೆ. ಅದು ಯಾವ ಘಟನೆಗೂ ಕಾರಣ ಕೊಡಬಲ್ಲದು. ಬಿಡದಿಯ ಉದಾಹರಣೆ ತೆಗೆದುಕೊಳ್ಳಿ. ಜಪಾನಿನ ಟೊಯೊಟಾ, ಕಿರ್ಲೋಸ್ಕರ್ ಜೊತೆಗೂಡಿ ಅಲ್ಲಿ 1999ರಲ್ಲಿ ಉತ್ಪಾದನೆ ಶುರುಮಾಡಿತು. 2001, 2002, 2006ರಲ್ಲಿ ಮುಷ್ಕರ, 2014ರಲ್ಲಿ ಲಾಕೌಟ್, 2020ರ ನವೆಂಬರಿನಲ್ಲಿ ಮತ್ತೆ ಲಾಕೌಟ್. ಈಗ ಪಟ್ಟಿ ತೆಗೆಯಿರಿ. ವ್ಯಕ್ತಿಪರತೆಯಲ್ಲಿ ಜಪಾನಿಗೆ 46, ಭಾರತಕ್ಕೆ 48. ಅಕ್ಕಪಕ್ಕದ ಮನೆಯವರು. ಅಲ್ಲಿ ಎಲ್ಲವೂ ಸುಗಮವಾಗಿದ್ದಿದ್ದರೆ, ಎರಡೂ ಸಮೂಹಪ್ರಿಯ ಸಂಸ್ಕೃತಿಗಳು, ಹೊಂದಿಕೊಂಡವು ಎಂದು ಬರೆಯುತ್ತಿದ್ದೆವು. ಗಲಾಟೆಯಾಯಿತಲ್ಲ, ಕೆಳಗಿನ ಸಾಲಿಗೆ ಹೋಗಿ: ಅನಿಶ್ಚಿತತೆಯಿಂದ ದೂರವಿರುವುದರಲ್ಲಿ ಜಪಾನಿಗೆ 92, ಭಾರತಕ್ಕೆ 40. ಅಚ್ಚುಕಟ್ಟಿನವರಿಗೂ ಅಡ್ಜಸ್ಟ್ ಮಾಡಿಕೊಳ್ಳುವವರಿಗೂ ಜಗಳ ಎಂದು ಅದೇ ಪುಟದಲ್ಲಿ ಉತ್ತರ ಸಿದ್ಧವಾಗಿದೆ. ಗೆದ್ದರೂ ಸೋತರೂ ಸರಿಹೊಂದುವ ವಿವರಣೆಯಿಂದ ಸಂಶೋಧಕನಿಗೆ ಪ್ರಯೋಜನವಿಲ್ಲ, ಜ್ಯೋತಿಷಿಗೆ ಇರಬಹುದು.

ಈ ಕಾರ್ಖಾನೆಯ ಬಗ್ಗೆ ವಿದೇಶಿ ನಿಯತಕಾಲಿಕಗಳಲ್ಲಿ ಲೇಖನಗಳು ಬಂದಿವೆ. 2013ರಲ್ಲಿ ಬಂದ ಒಂದರ ಶೀರ್ಷಿಕೆಯಲ್ಲೇ ಟೊಯೊಟಾ ಪದ್ಧತಿಯನ್ನೂ ಬ್ರಾಹ್ಮಣ್ಯವನ್ನೂ ಎದುರುಬದುರು ನಿಲ್ಲಿಸಲಾಗಿತ್ತು. ಜಾತಿಯನ್ನು ಕಾರ್ಖಾನೆಯೊಳಗೆ ನೋಡುವ ಧೈರ್ಯಕ್ಕೆ ಮೆಚ್ಚುಗೆ ಸಲ್ಲಬೇಕು, ನಮ್ಮ ನಿರ್ವಹಣಾಶಾಸ್ತ್ರದವರು ಆ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ ಅಸೆಂಬ್ಲಿ ಲೈನಿನಲ್ಲಿ ನಿಂತವರು ರಾಮನಗರ, ಮಾಗಡಿ, ಚನ್ನಪಟ್ಟಣ, ಉತ್ತರ ಕರ್ನಾಟಕದ ರೈತಾಪಿ ಮನೆಗಳ ಹುಡುಗರು. ಅವರ ಮುಷ್ಕರದ ಮೂಲವನ್ನು ಬ್ರಾಹ್ಮಣ್ಯದಲ್ಲಿ ಹುಡುಕುವವರು ಎಷ್ಟು ಸುತ್ತು ಹಾಕಬೇಕಾಗುತ್ತದೆ ಯೋಚಿಸಿ. 2020ರಲ್ಲಿ ಕಾರ್ಮಿಕರ ಸಂಘ ಹೇಳುತ್ತಿದ್ದದ್ದು ನೇರವಾಗಿತ್ತು: ಲೈನಿನ ವೇಗ ಹೆಚ್ಚಾಗಿದೆ, ಕೆಲಸದ ಹೊರೆ ತಾಳಲಾಗುತ್ತಿಲ್ಲ. ಆಡಳಿತದ ಮಾತು ಶಿಸ್ತಿನ ಬಗ್ಗೆ ಇತ್ತು. ಎರಡನ್ನೂ ಪರಿಶೀಲಿಸಲು ಗಡಿಯಾರ ಸಾಕು, ಧರ್ಮಶಾಸ್ತ್ರ ಬೇಡ.

ಅದೇ ಚಳಿಗಾಲದಲ್ಲಿ, 2020ರ ಡಿಸೆಂಬರ್ 12ರಂದು, ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಾರ್ಖಾನೆಯ ಗಾಜನ್ನು ರೊಚ್ಚಿಗೆದ್ದ ಕಾರ್ಮಿಕರು ಪುಡಿಮಾಡಿದರು. ಮೊದಲ ದಿನಗಳ ಚರ್ಚೆ ನೆನಪಿದೆಯೇ? ಹುಡುಗರಿಗೆ ಕೈಗಾರಿಕಾ ಶಿಸ್ತು ಗೊತ್ತಿಲ್ಲ, ನಮ್ಮವರ ಸ್ವಭಾವವೇ ಹೀಗೆ, ಹೂಡಿಕೆದಾರರು ಏನೆಂದುಕೊಂಡಾರು. ವಾರ ಕಳೆಯುವಷ್ಟರಲ್ಲಿ ಕಂಪನಿಯೇ ಒಪ್ಪಿಕೊಂಡಿತು: ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಕೊಟ್ಟಿರಲಿಲ್ಲ. ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆ್ಯಪಲ್ ಹೊಸ ಆರ್ಡರು ಕೊಡುವುದನ್ನು ತಡೆಹಿಡಿಯಿತು. ಗಾಜು ಒಡೆದದ್ದು ಸರಿಯೆಂದು ನಾನು ಹೇಳುತ್ತಿಲ್ಲ. ಸಂಬಳದ ಚೀಟಿ ನೋಡುವ ಮೊದಲೇ ಸಂಸ್ಕೃತಿಯ ಮಾತು ಬಾಯಿಗೆ ಬಂತಲ್ಲ, ಅದನ್ನು ಗುರುತಿಸಿ ಎನ್ನುತ್ತಿದ್ದೇನೆ.

ಬೆಂಗಳೂರಿನ ಐಟಿ ಕಂಪನಿಗಳಿಗೆ ಬನ್ನಿ. ಇಲ್ಲಿ ಸಂಸ್ಕೃತಿ ಸಂಶೋಧನೆಯ ವಸ್ತುವಾಗಿ ಮಾತ್ರ ಉಳಿದಿಲ್ಲ, ಮಾರಾಟದ ಸರಕೂ ಆಗಿದೆ. ನಿಯಾಸ್ ಸಂಸ್ಥೆಯಲ್ಲಿ ಕ್ಯಾರಲ್ ಉಪಾಧ್ಯ ಮತ್ತು ಎ.ಆರ್. ವಾಸವಿ ಡಚ್ ವಿದ್ವಾಂಸರ ಜೊತೆಗೂಡಿ ಐಟಿ ನೌಕರರ ಬದುಕನ್ನು ಅಧ್ಯಯನ ಮಾಡಿ 2006ರಲ್ಲಿ ವರದಿ ಕೊಟ್ಟರು. ಗೌತಮ್ ಸೊಂಟಿ ಅದೇ ಸುಮಾರಿಗೆ ಮೂರು ಕಂಪನಿಗಳೊಳಗೆ ಕ್ಯಾಮೆರಾ ಒಯ್ದು ಸಾಕ್ಷ್ಯಚಿತ್ರ ಮಾಡಿದರು. ಅಂತರಸಂಸ್ಕೃತಿ ತರಬೇತಿಯ ಹೆಸರಿನಲ್ಲಿ ಎಂಜಿನಿಯರುಗಳಿಗೆ ಏನು ಹೇಳಿಕೊಡುತ್ತಾರೆ ಎಂಬುದನ್ನು ಅವರೆಲ್ಲ ಹತ್ತಿರದಿಂದ ನೋಡಿದರು. ಜರ್ಮನ್ನರು ಹೀಗೆ, ಅಮೆರಿಕನ್ನರು ಹಾಗೆ. ನೀವು ಭಾರತೀಯರು, ನಿಮಗೆ ‘ಆಗುವುದಿಲ್ಲ’ ಎನ್ನಲು ಬರುವುದಿಲ್ಲ, ಅದನ್ನು ಕಲಿಯಿರಿ. ಹಾಫ್‌ಸ್ಟೀಡರ ಪಟ್ಟಿ ಪವರ್‌ಪಾಯಿಂಟಿನ ಮೇಲೆ ಬಣ್ಣಬಣ್ಣದ ಕಂಬಗಳಾಗಿ ನಿಂತಿರುತ್ತದೆ.

‘ಆಗುವುದಿಲ್ಲ’ ಎನ್ನದಿರುವುದು ನಮ್ಮ ಸಂಸ್ಕಾರವೇ? ಚಿಕ್ಕಪೇಟೆಯಲ್ಲಿ ರೇಟು ಮಾತಾಡಿದವರು, ಬೀಗರ ಜೊತೆ ಮದುವೆಯ ಮಾತುಕತೆಗೆ ಕೂತವರು ಇದನ್ನು ನಂಬುವುದಿಲ್ಲ. ಆದರೆ ಆ ಎಂಜಿನಿಯರನ ಪರಿಸ್ಥಿತಿ ನೋಡಿ. ಅವನು ಹೋಗಿರುವುದು ಎಚ್-1ಬಿ ವೀಸಾದ ಮೇಲೆ, ಆ ವೀಸಾ ನೇಮಿಸಿಕೊಂಡ ಕಂಪನಿಗೆ ಅಂಟಿಕೊಂಡಿದೆ. ಕ್ಲೈಂಟ್ ಮುನಿದರೆ ಪ್ರಾಜೆಕ್ಟ್ ಹೋಯಿತು, ಪ್ರಾಜೆಕ್ಟ್ ಹೋದರೆ ವಾಪಸು ಬಂದು ಕೆಲಸವಿಲ್ಲದೆ ಬೆಂಚಿನ ಮೇಲೆ ಕೂರಬೇಕು. ಇಷ್ಟನ್ನು ತಲೆಯ ಮೇಲೆ ಹೊತ್ತುಕೊಂಡು ಯಾವ ದೇಶದವನಾದರೂ ‘ಆಗುತ್ತದೆ ಸರ್’ ಎಂದೇ ಹೇಳುತ್ತಾನೆ. ಮಾತಾಡಲು ಬಾರದ್ದನ್ನು ತರಬೇತಿಯಿಂದ ತಿದ್ದಬಹುದು, ಕರಾರಿನಲ್ಲಿ ಬರೆದದ್ದನ್ನು ತಿದ್ದಲಾಗುವುದಿಲ್ಲ. ಕರಾರಿನ ಮಾತು ಎತ್ತದೆ ಮಾತಿನ ತರಬೇತಿ ಕೊಡುವುದು ಎಲ್ಲರಿಗೂ ಅನುಕೂಲ, ಎಂಜಿನಿಯರನೊಬ್ಬನಿಗೆ ಬಿಟ್ಟು.

ಹಾಗಾದರೆ ಈ ವಿದ್ಯೆಯಲ್ಲಿ ಒಳ್ಳೆಯ ಕೆಲಸವೇ ಆಗಿಲ್ಲವೇ? ಆಗಿದೆ, ಅದರಲ್ಲೂ ಈ ಹೆಸರು ಹುಟ್ಟುವ ಮೊದಲೇ. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ 1953ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿಗೆ ಬಂದರು. ಗಿರಣಿ ಸಾರಾಭಾಯಿ ಮನೆತನದ್ದು. ಹೊಸ ಆಟೊಮ್ಯಾಟಿಕ್ ಮಗ್ಗಗಳು ಬಂದಿದ್ದರೂ ಬಟ್ಟೆಯ ಇಳುವರಿ ಏರಿರಲಿಲ್ಲ, ದೋಷ ಹೆಚ್ಚಾಗಿತ್ತು. ಕೆಲಸವನ್ನು ಅಳೆದು ಅಳೆದು ಚೂರು ಮಾಡಿದ್ದರು: ನೇಯುವವನೊಬ್ಬ, ಬಾಬಿನ್ ತುಂಬುವವನೊಬ್ಬ, ತುಂಡಾದ ಎಳೆ ಕಟ್ಟುವವನೊಬ್ಬ, ಬಟ್ಟೆ ಹೊರುವವನೊಬ್ಬ. ಒಬ್ಬೊಬ್ಬನ ಪಾಲಿಗೂ ಬೇರೆ ಬೇರೆ ಸಂಖ್ಯೆಯ ಮಗ್ಗಗಳು. ಹೀಗಾಗಿ ಒಂದು ಮಗ್ಗ ನಿಂತರೆ ಅದು ಯಾರದ್ದು ಎಂಬುದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಸಣ್ಣ ಗುಂಪಿಗೆ ಒಂದಿಷ್ಟು ಮಗ್ಗಗಳನ್ನು ಪೂರ್ತಿಯಾಗಿ ವಹಿಸಿಬಿಡಿ ಎಂದು ರೈಸ್ ಸೂಚಿಸಿದರು. ಸೂಚನೆ ಕಿವಿಗೆ ಬಿದ್ದದ್ದೇ ತಡ, ಕಾರ್ಮಿಕರು ತಾವೇ ಗುಂಪು ಕಟ್ಟಿಕೊಂಡರು. ಮೊದಮೊದಲು ಏರುಪೇರಾದರೂ ಆಮೇಲೆ ಇಳುವರಿ ಏರಿತು, ದೋಷ ಇಳಿಯಿತು.

ಇಷ್ಟಕ್ಕೇ ನಿಂತಿದ್ದರೆ, ನೋಡಿ, ಕೂಡುಕುಟುಂಬದ ದೇಶ, ಗುಂಪಿನ ಕೆಲಸ ರಕ್ತದಲ್ಲೇ ಇದೆ ಎಂದು ಯಾರಾದರೂ ಬರೆಯುತ್ತಿದ್ದರು. ರೈಸ್ ಜೊತೆಗಾರ ಎರಿಕ್ ಮಿಲ್ಲರ್ 1970ರಲ್ಲಿ ಅದೇ ಗಿರಣಿಗೆ ಮತ್ತೆ ಹೋದರು. ಗುಂಪಿನ ಪದ್ಧತಿ ಆಮೇಲೆ ಹಬ್ಬಿದ್ದ ಆಟೊಮ್ಯಾಟಿಕ್ ಅಲ್ಲದ ಮಗ್ಗಗಳ ಶೆಡ್ಡಿನಲ್ಲಿ ಅದು ಹದಿನೇಳು ವರ್ಷದ ಮೇಲೂ ಬಹುಮಟ್ಟಿಗೆ ಹಾಗೇ ನಡೆಯುತ್ತಿತ್ತು. ಆಟೊಮ್ಯಾಟಿಕ್ ಮಗ್ಗಗಳ ಶೆಡ್ಡಿನಲ್ಲಿ ಸಡಿಲವಾಗಿ ಹಳೆಯ ದಾರಿಗೆ ಬಿದ್ದಿತ್ತು. ಅದೇ ಊರು, ಅದೇ ಗಿರಣಿ, ಅದೇ ಭಾಷೆಯ ಜನ. ಬದಲಾದದ್ದು ಬಟ್ಟೆಯ ಬಗೆಗಳು, ಮಾರುಕಟ್ಟೆಯ ಒತ್ತಡ, ಗುಂಪಿನ ಕೆಲಸದಲ್ಲಿ ತಲೆಹಾಕತೊಡಗಿದ ಸೂಪರ್‌ವೈಸರುಗಳು. ನನ್ನ ದೃಷ್ಟಿಯಲ್ಲಿ ಈ ಎರಡು ಶೆಡ್ಡುಗಳ ಹೋಲಿಕೆ ಒಂದು ಲಕ್ಷ ಪ್ರಶ್ನಾವಳಿಗಿಂತ ಹೆಚ್ಚು ಹೇಳುತ್ತದೆ. ಮಿಲ್ಲರ್ ಹಿಂದಕ್ಕೆ ಹೋಗಿ ನೋಡದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ನಮ್ಮ ಬೆಂಗಳೂರಿನ ಮೇಲೂ ಅಂಥ ಒಂದು ಪುಸ್ತಕವಿದೆ. ಮಾರ್ಕ್ ಹೋಮ್‌ಸ್ಟ್ರಾಮ್ ಇಲ್ಲಿನ ಕಾರ್ಖಾನೆಗಳ ಕಾರ್ಮಿಕರ ನಡುವೆ ಓಡಾಡಿ 1976ರಲ್ಲಿ ಪ್ರಕಟಿಸಿದ್ದು. ಹಳ್ಳಿಯಿಂದ ಬಂದವನಿಗೆ ಕಾರ್ಖಾನೆಯ ಗಂಟೆ, ಶಿಸ್ತು ಒಗ್ಗುವುದಿಲ್ಲ ಎಂಬ ಆ ಕಾಲದ ಮಾತು ಅಲ್ಲಿ ನಿಲ್ಲುವುದಿಲ್ಲ. ಜನರಿಗೆ ಕೆಲಸ ಒಗ್ಗಿತ್ತು. ಅವರ ಚಿಂತೆಯೆಲ್ಲ ಕಾಯಂ ನೌಕರಿಯ ಕೋಟೆಯೊಳಗೆ ಸೇರುವುದು ಹೇಗೆ, ಮಗನನ್ನೂ ಸೇರಿಸುವುದು ಹೇಗೆ ಎಂಬುದಾಗಿತ್ತು. ಎಚ್ಎಎಲ್, ಐಟಿಐ, ಎಚ್ಎಂಟಿ ಕಾಲೊನಿಗಳಲ್ಲಿ ಬೆಳೆದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ.

ಸಂಸ್ಕೃತಿ ಎಂಬುದೇ ಇಲ್ಲ ಎನ್ನುವವನು ನಾನಲ್ಲ. ಪಟ್ನಾದಲ್ಲಿ ಕೆಲಸ ಮಾಡಿದ ಜೈ ಬಿ.ಪಿ. ಸಿನ್ಹಾ 1980ರಲ್ಲಿ ಒಂದು ಬಗೆಯ ನಾಯಕನನ್ನು ವಿವರಿಸಿದರು: ಅಕ್ಕರೆ ತೋರುತ್ತಾನೆ, ಆದರೆ ಕೆಲಸ ಮಾಡಿದವನಿಗೆ; ಅವನು ಬೆಳೆದಂತೆ ಹಗ್ಗ ಸಡಿಲಿಸುತ್ತಾನೆ. ಹೊರಗಿನಿಂದ ತಂದ ಅಳತೆಗೋಲಿನಲ್ಲಿ ಇಂಥವನು ಕಾಣಿಸುತ್ತಲೇ ಇರಲಿಲ್ಲ, ಸರ್ವಾಧಿಕಾರಿಯ ಕಾಲಂನಲ್ಲಿ ಬೀಳುತ್ತಿದ್ದ. ನೋಡಿಯೇ ಕಟ್ಟಿದ ಸಿದ್ಧಾಂತ ಇದು. ಇದನ್ನೂ ‘ನಾವೆಲ್ಲ ಒಂದೇ ಕುಟುಂಬ’ ಎಂದು ಓಟಿ ಕೊಡದೆ ದುಡಿಸಿಕೊಳ್ಳುವವರು ಬಳಸಿಕೊಳ್ಳಬಹುದು ಎಂಬುದು ಬೇರೆ ಮಾತು.

ಈಗ ನಮ್ಮ ವಿದ್ಯಾರ್ಥಿಗಳು ದತ್ತಾಂಶ ತರುವ ರೀತಿ. ಊರು, ಕಂಪನಿಯ ಹೆಸರು ಬೇಡ. ಮಧ್ಯಾಹ್ನದ ಊಟದ ಬಿಡುವು, ಕ್ಯಾಂಟೀನಿನ ಸ್ಟೀಲ್ ಟೇಬಲ್ಲು. ಎಚ್.ಆರ್.ನವರು ಆರಿಸಿಕೊಟ್ಟ ಜನ ಸಾಲಾಗಿ ಕೂತಿದ್ದಾರೆ. ಐದು ಚೌಕದ ಪ್ರಶ್ನಾವಳಿ ಹಂಚಿದ್ದಾಯಿತು. ಒಬ್ಬರು ಹಾಳೆ ತಿರುಗಿಸಿ ಕೇಳಿದರು, “ಇದನ್ನ ಆಫೀಸಿನೋರು ನೋಡ್ತಾರಾ ಸಾರ್?” ಇಲ್ಲ ಎಂದು ಪ್ರಶ್ನಾವಳಿ ಹಂಚಿದ ವಿದ್ಯಾರ್ಥಿ ಹೇಳಿದ, ಎಚ್.ಆರ್.ನವರು ಬಾಗಿಲಲ್ಲೇ ನಿಂತಿದ್ದರು. ಎಲ್ಲರೂ ಲೈನ್ ಲೀಡರ್ ಕಡೆ ನೋಡಿದರು. ಆತ ಪೆನ್ನು ತೆಗೆದು ಮೇಲಿಂದ ಕೆಳಕ್ಕೆ ನಡುವಿನ ಚೌಕದಲ್ಲಿ ಟಿಕ್ ಹಾಕಿಕೊಂಡು ಹೋದ. ಹತ್ತು ನಿಮಿಷದಲ್ಲಿ ಎಲ್ಲ ಹಾಳೆಗಳೂ ವಾಪಸು ಬಂದವು, ಬಹುತೇಕ ಒಂದೇ ಥರ. ಆ ಹಾಳೆಗಳು ಆಮೇಲೆ ಅಂಕಿಅಂಶದ ತಂತ್ರಾಂಶವಾದ ಎಸ್‌ಪಿಎಸ್‌ಎಸ್‌ಗೆ ಹೋಗಿ, ಭಾರತೀಯ ನೌಕರರು ಸಮೂಹಪ್ರಿಯರು ಎಂಬ ನಿರ್ಣಯವಾಗಿ ಹೊರಬಂದವು. ನನಗೆ ಕಂಡ ಸಂಶೋಧನೆಯೆಲ್ಲ ಆ ಹತ್ತು ನಿಮಿಷದಲ್ಲಿ ನಡೆದಿತ್ತು, ಅದರ ಒಂದು ಸಾಲೂ ಪ್ರಬಂಧದಲ್ಲಿ ಇರಲಿಲ್ಲ.

ಬೇರೆ ದಾರಿಯೂ ಇದೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದಕ್ಕೆ 1948ರಲ್ಲಿ ಹೋಗಿ ಇದ್ದರು, ರಾಂಪುರ ಎಂದು ಅದಕ್ಕೆ ಹೆಸರು ಕೊಟ್ಟರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಇಟ್ಟ ಬೆಂಕಿಯಲ್ಲಿ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ಪ್ರಶ್ನಾವಳಿ ತುಂಬಿಸಿಕೊಂಡು ಬಂದಿದ್ದರೆ ನೆನಪಿಟ್ಟುಕೊಳ್ಳುವಂಥದ್ದು ಏನಿರುತ್ತಿತ್ತು? ನಮ್ಮ ನಾಡಿನಲ್ಲೇ ಇಂಥ ಪರಂಪರೆ ಇರುವಾಗ ನಿರ್ವಹಣಾ ವಿಭಾಗದವರು ಸಮಾಜಶಾಸ್ತ್ರ ವಿಭಾಗದ ಮೆಟ್ಟಿಲು ಹತ್ತದಿರುವುದಕ್ಕೆ ನನಗೆ ಕಾರಣ ಸಿಕ್ಕಿಲ್ಲ. ಎರಡೂ ಒಂದೇ ಕಟ್ಟಡದಲ್ಲಿರುವ ವಿಶ್ವವಿದ್ಯಾಲಯಗಳೂ ಇವೆ.

ಕೊನೆಗೆ, ಯಾರಾದರೂ ಕೂಡಲೇ ಎತ್ತಿಕೊಳ್ಳಬೇಕಾದ ಒಂದು ಕೆಲಸ. ದೇವನಹಳ್ಳಿಯಲ್ಲಿ ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಕಾರ್ಖಾನೆ ಶುರುವಾಗಿದೆ. ದಕ್ಷಿಣ ಭಾರತದ ಘಟಕಗಳಲ್ಲಿ ಕೆಲಸ ಕಲಿಸುತ್ತಿದ್ದ ಚೀನಾದ ಎಂಜಿನಿಯರುಗಳನ್ನು ಕಂಪನಿ ವಾಪಸು ಕರೆಸಿಕೊಂಡಿತು ಎಂದು 2025ರಲ್ಲಿ ಪತ್ರಿಕೆಗಳು ಬರೆದವು. ಕನ್ನಡ, ತಮಿಳು, ತೆಲುಗು, ಹಿಂದಿ ಮಾತಾಡುವ ಹುಡುಗಿಯರಿಗೆ ಮ್ಯಾಂಡರಿನ್ ಮಾತಾಡುವವರು ಸ್ಕ್ರೂ ಕೂರಿಸುವುದನ್ನು ಯಾವ ಭಾಷೆಯಲ್ಲಿ, ಯಾವ ಕೈಸನ್ನೆಯಲ್ಲಿ, ಯಾರನ್ನು ನಡುವೆ ನಿಲ್ಲಿಸಿಕೊಂಡು ಕಲಿಸಿದರು? ಅವರು ಹೋದ ಮೇಲೆ ಆ ವಿದ್ಯೆಯಲ್ಲಿ ಏನು ಉಳಿಯಿತು, ಏನನ್ನು ಇವರು ತಮ್ಮದೇ ಉಪಾಯದಿಂದ ತುಂಬಿಕೊಂಡರು? ಹೇಳಬಲ್ಲವರು ಹಾಸ್ಟೆಲುಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಈಗ ಇದ್ದಾರೆ. ಒಂದೆರಡು ವರ್ಷದಲ್ಲಿ ಮದುವೆಯಾಗಿ, ಕೆಲಸ ಬದಲಿಸಿ, ಊರಿಗೆ ಹೋಗಿ ಚದುರುತ್ತಾರೆ. ಕಂಪನಿಯ ಗೇಟಿನಿಂದ ಹೋದರೆ ಅದೇ ಕ್ಯಾಂಟೀನು, ಅದೇ ನಡುವಿನ ಚೌಕ. ಶಿಫ್ಟ್ ಬಿಡುವ ಹೊತ್ತು ತಿಳಿದುಕೊಂಡು ಬಸ್ ಸ್ಟಾಪಿನಲ್ಲಿ, ಭಾನುವಾರದ ಸಂತೆಯಲ್ಲಿ ಪರಿಚಯ ಮಾಡಿಕೊಳ್ಳಬೇಕು. ಅಲ್ಲೇ ಆರು ತಿಂಗಳು ಇರಬೇಕು. ಈ ಉಪನ್ಯಾಸದ ದತ್ತಿಯ ಬಡ್ಡಿಯಲ್ಲಿ ಇದರ ಖರ್ಚು ಕಳೆದು ಏನಾದರೂ ಉಳಿಯುವುದಾದರೆ, ಒಬ್ಬ ವಿದ್ಯಾರ್ಥಿನಿಗೆ ಬಸ್ ಪಾಸಿಗೂ ದೇವನಹಳ್ಳಿಯಲ್ಲೊಂದು ಕೋಣೆಯ ಬಾಡಿಗೆಗೂ ಕೊಡಬೇಕೆಂದು ದತ್ತಿಯನ್ನು ಸ್ಥಾಪಿಸಿ ನಡೆಸಿಕೊಂಡು ಬಂದಿರುವ ಕುಟುಂಬದ ಹಿರಿಯರನ್ನು ಕೇಳಿಕೊಳ್ಳುತ್ತೇನೆ. ನನ್ನ ಗೌರವಧನವನ್ನೂ ಅದಕ್ಕೇ ಸೇರಿಸಿಕೊಳ್ಳಿ.